ಬದಲಿ ಬರುವವರೆಗೆ

ಡಿಸೆಂಬರ್ 8, ಸೋಮವಾರ

ಈ ಪುಸ್ತಕ ನನ್ನದಲ್ಲ, ರೈಸ್ ಮಿಲ್ಲಿನದು. ಬಾಯ್ಲರಿನ ಹಳೆಯ ಲಾಗ್ ಬುಕ್ಕು, ಹಿಂದಿನ ಅರ್ಧ ಖಾಲಿ. ಇಲ್ಲಿ ಬಾಯ್ಲರ್ ಕಾಯುವ ನೇವಿ ಮುದುಕ ಇದನ್ನು ನನ್ನ ಮುಂದೆ ಎಸೆದು, ಮೊದಲು ಇದರಲ್ಲಿ ಬರೆದು ಕೈ ಪಳಗಿಸಿಕೋ, ಆಮೇಲೆ ಹೊಸದನ್ನು ಮುಟ್ಟುವೆಯಂತೆ ಅಂದ. ಗಂಟೆಗೊಂದು ಸಾರಿ ನೀರು ಎಷ್ಟು, ಪ್ರೆಶರ್ ಎಷ್ಟು ಅಂತ ಬರೆಯಬೇಕಂತೆ. ಬರೆಯುವುದು ಇಷ್ಟವಿದ್ದಿದ್ದರೆ ಒಂಬತ್ತನೇ ಕ್ಲಾಸಿಗೆ ಸ್ಕೂಲು ಯಾಕೆ ಬಿಡುತ್ತಿದ್ದೆ?

ಅದಕ್ಕೇ ನೀರು ಬರೆಯುವುದಿಲ್ಲ. ನನಗೆ ಬೇಕಾದದ್ದು ಬರೆಯುತ್ತೇನೆ.

ಹತ್ತೊಂಬತ್ತು ವರ್ಷಕ್ಕೆ ಇದು ನನ್ನ ಐದನೇ ಕೆಲಸ. ನಂಜನಗೂಡಿನ ಗ್ಯಾರೇಜು ಮೂರು ತಿಂಗಳು, ಬೇಕರಿ ಹದಿನೈದು ದಿನ, ಟೈಲ್ಸ್ ಹಾಕುವುದು ಒಂದು ಮಳೆಗಾಲ, ಹಾಲಿನ ವ್ಯಾನು ಎಂಟು ದಿನ. ಎಲ್ಲೂ ಯಾರೂ ನನ್ನನ್ನು ತೆಗೆಯಲಿಲ್ಲ. ನಾನೇ ಎದ್ದು ಬಂದೆ. ಗ್ಯಾರೇಜಿನಲ್ಲಿ ಬೈಕು ಬಿಚ್ಚಿ ಹರಡಿದ್ದೆ, ಅದು ಹರಡಿದ ಹಾಗೇ ಇತ್ತು, ಸ್ಪ್ಯಾನರ್ ಕೆಳಗಿಟ್ಟು ಬಂದೆ. ಒಂದು ಕಡೆ ಕೂತರೆ ಕಾಲಿಗೆ ಇರುವೆ ಹತ್ತಿದ ಹಾಗಾಗುತ್ತದೆ. ಅವ್ವನಿಗೆ ಇದು ತಿಳಿಯುವುದಿಲ್ಲ.

ಮಿಲ್ಲಿನ ಯಜಮಾನ ಗುರುಪ್ರಸಾದ್ ಅವ್ವನಿಗೆ ದೂರದ ತಮ್ಮ. ಅದಕ್ಕೇ ಸಿಕ್ಕ ಕೆಲಸ. ಮನೆಗೆ ಬಂದಾಗ ಮಾವ ಅನ್ನಬೇಕು, ಮಿಲ್ಲಿನಲ್ಲಿ ಸಾ ಅನ್ನಬೇಕು.

ಬಾಯ್ಲರ್ ಅಂದರೆ ದೊಡ್ಡ ಕಬ್ಬಿಣದ ಹಂಡೆ, ಅಷ್ಟೇ. ಭತ್ತದ ಹೊಟ್ಟು ಉರಿಸಿ ನೀರು ಕಾಯಿಸುತ್ತಾರೆ. ಆ ಆವಿಯಲ್ಲಿ ಭತ್ತ ಬೇಯುತ್ತದೆ, ಆಮೇಲೆ ಅಂಗಳದಲ್ಲಿ ಒಣಗಿಸಿ ಕುಸುಬಲಕ್ಕಿ ಮಾಡುತ್ತಾರೆ. ಹಂಡೆ ಕಾಯುವುದಕ್ಕೆ ಒಬ್ಬ ಮುದುಕ, ಒಬ್ಬ ನಾನು. ಹೊರಗೆ ನರಸೀಪುರದ ರಸ್ತೆಯಲ್ಲಿ ಅರ್ಧ ಗಂಟೆಗೊಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಗುತ್ತದೆ. ಪ್ರತಿ ಸಾರಿಯೂ ಎದ್ದು ಹತ್ತಿಬಿಡೋಣ ಅನ್ನಿಸುತ್ತದೆ. ನಾಳೆ ಬರುವುದು ಅನುಮಾನ.

ಡಿಸೆಂಬರ್ 9, ಮಂಗಳವಾರ

ಬಂದೆ. ಅವ್ವ ಬುತ್ತಿ ಕಟ್ಟಿಬಿಟ್ಟಿದ್ದಳು, ಅದಕ್ಕೆ.

ಡಿಸೆಂಬರ್ 12, ಶುಕ್ರವಾರ

ಬಾಯ್ಲರ್ ರೂಮಿನ ಗೋಡೆಯ ಮೇಲೆ ಎರಡು ಫ್ರೇಮು. ಒಂದು ಮುದುಕನ ಸರ್ಕಾರಿ ಸರ್ಟಿಫಿಕೇಟು. ಬಾಯ್ಲರ್ ಓಡುವಾಗ ಅದಿರುವವನು ಪಕ್ಕದಲ್ಲಿರಲೇಬೇಕು ಅಂತ ಕಾನೂನು. ಇನ್ನೊಂದು ಯುದ್ಧದ ಹಡಗಿನ ಫೋಟೊ, ಕೆಳಗೆ ಐಎನ್‌ಎಸ್ ಮೈಸೂರು ಅಂತ ಇದೆ. ಕಡಲೇ ಇಲ್ಲದ ಊರಿನ ಹೆಸರು ಹಡಗಿಗೆ ಯಾಕೆ ಅಂತ ಕೇಳಿದೆ. ಕೇಳಬಾರದಿತ್ತು. ಮುದುಕ ಮಧ್ಯಾಹ್ನದವರೆಗೆ ಬಾಯಿ ಮುಚ್ಚಲಿಲ್ಲ.

ಬಿಳಿಯರು ಎರಡನೇ ಮಹಾಯುದ್ಧದ ಹೊತ್ತಿಗೆ ಕಟ್ಟಿದ ಹಡಗಂತೆ. ಆಗ ಅದರ ಹೆಸರು ನೈಜೀರಿಯಾ. ಹಿಮದ ಕಡಲಿನಲ್ಲೆಲ್ಲ ಓಡಾಡಿತಂತೆ. ನಮ್ಮವರು ಕೊಂಡು ಐವತ್ತೇಳರಲ್ಲಿ ಮೈಸೂರು ಅಂತ ಹೆಸರಿಟ್ಟರು. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಕಡಲಿನ ಹಡಗುಗಳಿಗೆಲ್ಲ ಅದೇ ಮುಂದಾಳು. ನರಸೀಪುರದ ಗೌಡರ ಹುಡುಗ ಚಿಕ್ಕಸ್ವಾಮಿ, ಅಂದರೆ ಈ ಮುದುಕ, ಹತ್ತೊಂಬತ್ತಕ್ಕೆ ಅದರ ಹೊಟ್ಟೆಯೊಳಗೆ ಬಾಯ್ಲರ್ ಕಾಯಲು ಇಳಿದನಂತೆ.

ಯುದ್ಧದಲ್ಲಿ ಎಷ್ಟು ಜನರನ್ನು ಹೊಡೆದೆ ಅಂದೆ. ಒಬ್ಬರನ್ನೂ ಇಲ್ಲ, ತಾನು ಸೇರಿದ್ದು ಎಪ್ಪತ್ತಾರರಲ್ಲಿ, ಯುದ್ಧ ಮುಗಿದು ಐದು ವರ್ಷವಾಗಿತ್ತು ಅಂದ. ನಾಚಿಕೆ ಇಲ್ಲದೆ ಅಂದ. ಕಡಲನ್ನಾದರೂ ನೋಡಿದ್ದೀಯಾ ಅಂದೆ.

"ನಾವಿದ್ದಿದ್ದು ನೀರ್ಗಿಂತ ಕೆಳ್ಗೆ ಕಣ್ಲಾ. ಕಡ್ಲು ನಮ್ ತಲೆ ಮೇಲಿತ್ತು. ನೋಡಕ್ಕೆ ಪುರುಸೊತ್ತೆಲ್ಲಿತ್ತು?"

ಯುದ್ಧ ನೋಡದ ಸೈನಿಕ, ಕಡಲು ನೋಡದ ನಾವಿಕ. ಇಂಥವನ ಕೈಕೆಳಗೆ ನಾನು.

ಡಿಸೆಂಬರ್ 17, ಬುಧವಾರ

ಪೆನ್ನು ಹಾಳೆಯನ್ನು ಹರಿಯುತ್ತಿದೆ. ಸಿಟ್ಟಿಗೆ.

ಸೋಮವಾರದಿಂದ ಹೊಸ ಲಾಗ್ ಬುಕ್ಕು ನನ್ನ ಕೈಗೆ ಬಂತು. ಬಾಯ್ಲರಿನ ಮುಂದೆ ಗೇಣುದ್ದದ ಗಾಜಿನ ಕೊಳವೆ ಇದೆ. ಒಳಗೆ ನೀರು ಎಷ್ಟಿದೆಯೋ ಅದರಲ್ಲಿ ಅಷ್ಟು ಕಾಣುತ್ತದೆ. ಪಕ್ಕದಲ್ಲಿ ಪ್ರೆಶರ್ ಮೀಟರು. ದಿನವೆಲ್ಲ ಅದೇ: ನೀರು ಅರ್ಧ, ಪ್ರೆಶರ್ ಏಳು. ನೀರು ಅರ್ಧ, ಪ್ರೆಶರ್ ಏಳು. ಇವತ್ತು ಬೆಳಿಗ್ಗೆ ಎಂಟಕ್ಕೇ ಕೂತು ಸಂಜೆ ಐದರವರೆಗಿನದನ್ನು ಒಟ್ಟಿಗೆ ಬರೆದು ಮುಗಿಸಿದೆ. ಬುದ್ಧಿ ಇದ್ದವರು ಹೀಗೇ ಮಾಡುವುದು.

ಸಂಜೆ ಮುದುಕ ದಿನಾ ಮಾಡುವ ಹಾಗೆ ಓದು ಅಂದ. ಸ್ಕೂಲಿನ ಮಗ್ಗಿಯ ಹಾಗೆ ಓದಿಸುತ್ತಾನೆ. ಓದಿದೆ.

"ಎಲ್ಡ್ ಗಂಟೇಲಿ ಕರೆಂಟ್ ಓಗಿತ್ತು. ಪ್ರೆಶರ್ ಮೂರುಕ್ ಬಿದ್ದಿತ್ತು, ಆವಿ ಸದ್ದಲ್ಲೇ ಗೊತ್ತಾಯ್ತಿತ್ತು. ನೀ ಬರ್ದಿರೋ ಶಿಪ್ಪು ಯಾವ್ದು ಕಣ್ಲಾ? ಅದು ಇಲ್ಲಿಲ್ವಲ್ಲ."

ಕಪಾಳಕ್ಕೆ ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದೆ. ಹೊಡೆಯಲಿಲ್ಲ. ಅಳಿಸಬೇಡ, ಅಷ್ಟರ ಮೇಲೂ ಒಂದು ಗೆರೆ ಎಳಿ, ಪಕ್ಕದಲ್ಲಿ ಸುಳ್ಳು ಅಂತ ಬರೆದು ಸೈನ್ ಹಾಕು ಅಂದ. ನನ್ನ ಕೈಯಲ್ಲೇ ಬರೆಸಿದ. ಅಂಗಳದಲ್ಲಿ ಭತ್ತ ಹರಡುವ ಚನ್ನಾಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನೀ ಸ್ಕೂಲ್ ಬುಟ್ರೂ ಸ್ಕೂಲು ನಿನ್ನ ಬುಡ್ನಿಲ್ವಲ್ಲಪ್ಪಾ" ಅಂದಳು.

ಇವನ ಕೆಲಸಕ್ಕೆ ಕಲ್ಲು ಹಾಕದಿದ್ದರೆ ನನ್ನ ಹೆಸರು ರುದ್ರೇಶ ಅಲ್ಲ.

ಡಿಸೆಂಬರ್ 18, ಗುರುವಾರ

ಸಿಕ್ಕಿತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಮುದುಕ ಪಕ್ಕದಲ್ಲೇ ಕೂತಿರುತ್ತಾನೆ, ಪುಸ್ತಕ ಕೈಯಲ್ಲೇ ಇರುತ್ತದೆ, ಆದರೂ ನನ್ನಿಂದಲೇ ಯಾಕೆ ಓದಿಸುತ್ತಾನೆ?

ಬಂದವನೇ ಈ ಪುಸ್ತಕ ತೆಗೆದೆ. ಅವನನ್ನು ಬೈದು ಬರೆದಿರುವ ಪುಟವನ್ನೇ ತೆರೆದು, ತಲೆಕೆಳಗಾಗಿ ಹಿಡಿದು, ನೋಡು ಸರಿ ಬರೆದಿದ್ದೀನಾ ಅಂದೆ. ಕೈಗೆ ತೆಗೆದುಕೊಂಡ. ಪುಟದ ಮೇಲೆ ಕಣ್ಣಾಡಿಸಿದ. ಪರವಾಗಿಲ್ಲ, ಅಕ್ಷರ ಇನ್ನಷ್ಟು ದುಂಡಗಿರಲಿ ಅಂದ.

ನಿನಗೆ ಕಣ್ಣು ಕಾಣುವುದಿಲ್ಲ ಅಂದೆ. ಜೋರಾಗಿಯೇ ಅಂದೆ. ಮುದುಕ ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದ. ಎರಡು ಕಣ್ಣಿಗೂ ಪೊರೆ ಬಂದಿದೆಯಂತೆ, ವರ್ಷವಾಯಿತಂತೆ. ಆಪರೇಷನ್ ಅಂದರೆ ಭಯವಂತೆ. ಹಡಗಿಗೆ ಹೆದರದವನಿಗೆ ಕಣ್ಣಿನ ಡಾಕ್ಟರು ಭಯ.

ಗಾಜು ಕಾಣದೆ ಬಾಯ್ಲರ್ ಹೇಗೆ ಕಾಯುತ್ತೀಯ ಅಂದೆ. ನನ್ನ ಕೈ ಹಿಡಿದು ಗಾಜಿನ ಹತ್ತಿರ ಕರೆದುಕೊಂಡು ಹೋದ. ಅದರ ತಳದಲ್ಲಿ ಒಂದು ಸಣ್ಣ ನಲ್ಲಿ ಇದೆ. ತಿರುಗಿಸಿದ. ಬುಳಬುಳ ಅಂತ ನೀರು ಬಂತು.

"ಗಾಜನ್ನ ನಂಬ್ಬ್ಯಾಡ. ನೀರು ತುಂಬಿ ಮೇಲಕ್ಕೋದ್ರೂ ಗಾಜು ಬೆಳ್ಳಗೇ ಕಾಣ್ತದೆ. ಒಂದ್ ತೊಟ್ಟು ಇಲ್ದೆ ಒಣಗೋದ್ರೂ ಬೆಳ್ಳಗೇ ಕಾಣ್ತದೆ. ಕಣ್ಣಿದ್ದೋರೆ ಸತ್ತಿರೋದು ಇದ್ರಲ್ಲಿ. ನಲ್ಲಿ ಬುಟ್ಟು ಕೇಳು. ನೀರಾದ್ರೆ ಬುಳಬುಳ, ಇಲ್ಲಾಂದ್ರೆ ನಾಗರಾವಿನಂಗೆ ಬುಸ್ ಅಂತದೆ."

ಬುಸ್ ಅಂದರೆ ಏನು ಮಾಡಬೇಕು ಅಂದೆ.

"ಬೆಂಕಿ ಸಾಯ್ಸು. ನೀರು ಮಾತ್ರ ಕುಡಿಸ್ಬ್ಯಾಡ. ಕೆಂಪಗ್ ಕಾದ್ ಕಬ್ಣಕ್ಕೆ ನೀರ್ ಬಿದ್ರೆ ಈ ಶೆಡ್ಡು, ಅಂಗಳ, ನೀನು ಯಾವ್ದೂ ಇರಲ್ಲ."

ಕೊನೆಗೆ, ಹೇಳಬೇಕು ಅನ್ನಿಸಿದರೆ ಯಜಮಾನನಿಗೆ ಹೇಳು ಅಂದ. ಬೇಡಿಕೊಂಡಿದ್ದರೆ ಓಡಿಹೋಗಿ ಹೇಳುತ್ತಿದ್ದೆ. ಬೇಡಿಕೊಳ್ಳಲಿಲ್ಲ. ನಾಳೆ ಹೇಳುತ್ತೇನೆ.

ಡಿಸೆಂಬರ್ 24, ಬುಧವಾರ

ಹೇಳಿಲ್ಲ. ಅವಸರವೇನು? ಗುಟ್ಟು ನನ್ನ ಜೇಬಿನಲ್ಲೇ ಇದೆಯಲ್ಲ.

ಕಣ್ಣು ಮುಚ್ಚಿಕೊಂಡು ನಲ್ಲಿ ಬಿಟ್ಟು ನೋಡಿದೆ. ಸುಮ್ಮನೆ, ಹೊತ್ತು ಹೋಗಲಿ ಅಂತ. ಮೂರು ಸಾರಿಯೂ ಸದ್ದು ಕೇಳಿಯೇ ನೀರಿದೆ ಅಂತ ಹೇಳಿದೆ. ಮೂರೂ ಸರಿ.

ಡಿಸೆಂಬರ್ 29, ಸೋಮವಾರ

ಗುರುಪ್ರಸಾದ್ ಆಫೀಸಿಗೆ ಕರೆದು ಕುರ್ಚಿ ಕೊಟ್ಟ. ಮಿಲ್ಲಿನಲ್ಲಿ ಮೊದಲ ಸಾರಿ ಕುರ್ಚಿ. ಅವ್ವ ಹೇಗಿದ್ದಾಳೆ, ನಮ್ಮೂರ ಕಡೆ ಭತ್ತ ಹೇಗಿದೆ ಅಂತೆಲ್ಲ ಕೇಳಿ, ಆಮೇಲೆ ವಿಷಯಕ್ಕೆ ಬಂದ.

"ಗೌಡ್ರಿಗೆ ಕಣ್ ಮಂಜಾಗದೆ ಅಂತ ನಂಗನುಮಾನ. ಜೊತೇಲಿರೋನು ನೀನು, ಏನಾರ ಎಡವಟ್ಟು ಮಾಡುದ್ರೆ ಬಂದ್ ಏಳು. ಅವ್ರು ಬಿಟ್ರೆ ಬಾಯ್ಲರ್ ನಿಂದೇ ಕಣೋ. ನೀನು ನಮ್ಮೋನು. ಸರ್ಟಿಫಿಕೇಟು ಗೋಡೆ ಮೇಲೆ ಇದ್ದೇ ಇರ್ತದಲ್ಲ."

ಅಂದರೆ ಮುದುಕ ಮನೆಗೆ, ಮುದುಕನ ಫ್ರೇಮು ಇಲ್ಲೇ. ಒಂದು ಮಾತು ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ. ಹೊಟ್ಟು ಹಾಕುವ ಹೊತ್ತಾಯಿತು ಸಾ ಅಂತ ಎದ್ದು ಬಂದೆ. ನಿಜಕ್ಕೂ ಹೊತ್ತಾಗಿತ್ತು. ನೀರು ಅರ್ಧಕ್ಕಿಂತ ಎರಡು ಬೆರಳು ಕೆಳಗಿತ್ತು, ಪ್ರೆಶರ್ ಆರೂವರೆ.

ಜನವರಿ 3, ಶನಿವಾರ

ಚಿಕ್ಕಸ್ವಾಮಿ ತಾತ ಆಪರೇಷನ್ನಿಗೆ ಒಪ್ಪಿದ. ಮಗಳು ಸುನೀತಾ ಬುಧವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತಾಳೆ. ತಾನು ಬರುವವರೆಗೆ ಬಾಯ್ಲರ್ ಹಚ್ಚಬಾರದು ಅಂತ ಗುರುಪ್ರಸಾದನಿಗೆ ಹೇಳಿದ. ಅವನೂ ಆಯ್ತು ಗೌಡ್ರೇ ಅಂದ.

ಹೊಟ್ಟಿನ ಮೂಟೆಯ ಮೇಲೆ ಕೂತು ಮುದ್ದೆ ತಿನ್ನುವಾಗ ಟಾರ್ಪಿಡೊ ಕಥೆ ಹೇಳಿದ. ಮುದ್ದೆ ನುಂಗುವುದಕ್ಕೇ ಬಿಡಲಿಲ್ಲ. ನಲವತ್ತೆರಡರಲ್ಲಿ, ಅದು ಬಿಳಿಯರ ಹಡಗಾಗಿದ್ದಾಗ, ಮಾಲ್ಟಾ ಅನ್ನುವ ದ್ವೀಪಕ್ಕೆ ಅಕ್ಕಿಬೇಳೆ ಒಯ್ಯುವ ಹಡಗುಗಳಿಗೆ ಕಾವಲು ಹೋಗಿತ್ತಂತೆ. ನೀರೊಳಗಿನಿಂದ ಟಾರ್ಪಿಡೊ ಬಂದು ಬಡಿಯಿತು. ಐವತ್ತೆರಡು ಜನ ಸತ್ತರು. ಹಡಗು ಮಾತ್ರ ಮುಳುಗಲಿಲ್ಲ, ವಾಲಿಕೊಂಡೇ ಬಂದರು ಸೇರಿತು. ಕೆಳಗೆ ಬಾಯ್ಲರ್ ಕಾಯುತ್ತಿದ್ದವರು ಬದಲಿ ಬರುವವರೆಗೆ ಮೇಲಕ್ಕೆ ಬರಲಿಲ್ಲವಂತೆ. ಇದನ್ನು ತಾತನಿಗೆ ಹೇಳಿದ್ದು ಅವನಿಗಿಂತ ಹಿರಿಯರು, ಅವರಿಗೆ ಹೇಳಿದ್ದು ಹಡಗು ಒಪ್ಪಿಸಿಕೊಟ್ಟ ಬಿಳಿಯರು.

ನಾನಾಗಿದ್ದರೆ ಓಡಿಬರುತ್ತಿದ್ದೆ ಅಂದೆ. ಎಲ್ಲರಿಗೂ ಹಾಗೇ ಅನ್ನಿಸುತ್ತದೆ, ಅದಕ್ಕೇ ಒಂದು ಪದ್ಧತಿ ಇತ್ತು ಅಂದ. ಬದಲಿಯವನು ಏಣಿ ಇಳಿದು ಬಂದು ಎದುರು ನಿಲ್ಲಬೇಕು. ಇದ್ದವನು ಬಾಯ್ಲರಿನ ಮೈ ಮೇಲೆ ಕೈ ಇಟ್ಟು ನೀರು, ಬೆಂಕಿ, ತಪ್ಪು, ಎಲ್ಲ ಹೇಳಬೇಕು. ತಪ್ಪು ಬಚ್ಚಿಟ್ಟರೆ ಸಾಯುವವನು ಬದಲಿಯವನು. ಬಂದವನು ಅದನ್ನೇ ತಿರುಗಿ ಹೇಳಿ ರಿಲೀವ್ಡ್, ಅಂದರೆ ಇನ್ನು ಹೊಣೆ ನನ್ನದು, ನೀನು ಹೋಗಬಹುದು, ಅನ್ನಬೇಕು. ಆ ಮಾತು ಕಿವಿಗೆ ಬೀಳದೆ ಕಾಲು ಏಣಿ ಮುಟ್ಟುವ ಹಾಗಿಲ್ಲ.

ಎಂಬತ್ತೈದರಲ್ಲಿ ಹಡಗನ್ನು ನೌಕಾಪಡೆಯಿಂದ ತೆಗೆದರು, ಆಮೇಲೆ ಗುಜರಿಗೆ ಹೋಯಿತು. ಕೊನೆಯ ಬೆಂಕಿ ಆರಿಸಿದ ಪಾಳಿಯಲ್ಲಿ ತಾತನೂ ಇದ್ದನಂತೆ.

"ಆವತ್ತು ಬದ್ಲಿ ಯಾರೂ ಬರ್ಲಿಲ್ಲ ಕಣ್ಲಾ" ಅಂದ. ಆಮೇಲೆ ತಟ್ಟೆ ತೊಳೆಯಲು ಎದ್ದುಹೋದ.

ಜನವರಿ 7, ಬುಧವಾರ

ಬೆಳಿಗ್ಗೆ ಬಂದರೆ ಅಂಗಳದಲ್ಲಿ ಎರಡು ಲಾರಿ ಭತ್ತ. ಹಚ್ಚು ಅಂದ ಗುರುಪ್ರಸಾದ್. ತಾತ ಬೇಡ ಅಂದಿದ್ದಾರಲ್ಲ ಸಾ ಅಂದೆ. ನಿನ್ನ ಕೈಯಲ್ಲಿ ಆಗಲ್ವಾ ಅಂದ.

ಆಗಲ್ವಾ ಅಂದರೆ ಯಾವನು ಸುಮ್ಮನಿರುತ್ತಾನೆ? ಹಚ್ಚಿದೆ. ದಿನವೆಲ್ಲ ನಾನೊಬ್ಬನೇ. ಒಂದು ತೊಂದರೆ ಇಲ್ಲ. ಎರಡಕ್ಕೆ ನೀರು ಅರ್ಧ, ಮೂರಕ್ಕೆ ಅರ್ಧ, ನಾಲ್ಕಕ್ಕೆ ಅರ್ಧದ ಮೇಲೆ ಒಂದು ಬೆರಳು. ಎಲ್ಲ ನೋಡಿಯೇ ಬರೆದೆ. ಈ ಬಾಯ್ಲರ್ ನನ್ನದು.

ಜನವರಿ 8, ಗುರುವಾರ

ನಿಜವಾದ ಲಾಗ್ ಬುಕ್ಕಿನ ಇವತ್ತಿನ ಹಾಳೆಯನ್ನು ಹರಿದುಹಾಕಿದ್ದಾರೆ. ಅದರಲ್ಲಿ ನಾನು ಬರೆದದ್ದನ್ನು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

8:00. ಬೆಂಕಿ ಹಚ್ಚಿದೆ. ನೀರು ಅರ್ಧ.

9:00. ನೀರು ಅರ್ಧ. ಪ್ರೆಶರ್ ಐದು.

10:00. ನೀರು ಅರ್ಧ. ಪ್ರೆಶರ್ ಏಳು.

10:40. ನಾನು ಜಾಗ ಬಿಟ್ಟು ರಸ್ತೆಯ ಟೀ ಅಂಗಡಿಗೆ ಹೋದೆ. ಬದಲಿ ಯಾರೂ ಇರಲಿಲ್ಲ.

11:10. ಬಂದೆ. ಗಾಜು ಬೆಳ್ಳಗಿತ್ತು. ಕರೆಂಟ್ ಹೋಗಿ ಬಂದಿತ್ತು, ನೀರಿನ ಪಂಪು ಮತ್ತೆ ಹೊರಡದೆ ನಿಂತೇ ಇತ್ತು. ಹೊಟ್ಟು ಮಾತ್ರ ತಾನಾಗಿ ಬೀಳುತ್ತಲೇ ಇತ್ತು.

11:11. ತಳದ ನಲ್ಲಿ ಬಿಟ್ಟೆ. ಬುಸ್ ಅಂತು.

11:12. ಹೊಟ್ಟು ಬೀಳುವ ಬಾಯಿ ಮುಚ್ಚಿದೆ, ಫ್ಯಾನು ನಿಲ್ಲಿಸಿದೆ, ಬೆಂಕಿಯ ಮೇಲೆ ಬೂದಿ ಸುರಿದೆ. ನೀರು ಬಿಡಲಿಲ್ಲ.

ಲಾಗಿನಲ್ಲಿ ಇಷ್ಟೇ ಇತ್ತು. ಉಳಿದದ್ದು ಇಲ್ಲಿ.

ಅಂಗಳದಲ್ಲಿ ಏಳು ಹೆಂಗಸರು ಭತ್ತ ಹರಡುತ್ತಿದ್ದರು. ರಸ್ತೆಯ ಆಚೆಗೆ ಹೋಗಿ ಅಂತ ಕೂಗಿದೆ. ಚನ್ನಾಜಮ್ಮ ನನ್ನ ಮುಖ ನೋಡಿದವಳೇ ಎಲ್ಲರನ್ನೂ ಎಬ್ಬಿಸಿಕೊಂಡು ಹೋದಳು. ಗುರುಪ್ರಸಾದ್ ಓಡಿಬಂದ. ಬೇಯಿಸುವ ತೊಟ್ಟಿಯಲ್ಲಿ ಭತ್ತ ಅರ್ಧ ಬೆಂದಿದೆ, ಆವಿ ನಿಂತರೆ ಅಷ್ಟೂ ಹಾಳು, ಪಂಪು ಹಾಕು ಅಂದ. ಹಾಕಲ್ಲ ಅಂದೆ. ತಾನೇ ಸ್ವಿಚ್ಚಿಗೆ ಕೈ ಹಾಕಲು ಬಂದ. ಬೂದಿ ಎಳೆಯುವ ಕಬ್ಬಿಣದ ಕೋಲು ನನ್ನ ಕೈಯಲ್ಲಿತ್ತು. ಅಡ್ಡ ಹಿಡಿದು ನಿಂತೆ.

"ಮಾವ, ಇದ್ರ ಅತ್ರ ಬಂದ್ರೆ ಕೈ ಮುರೀತೀನಿ" ಅಂದೆ. ಮಿಲ್ಲಿನಲ್ಲಿ ಮಾವ ಅಂದದ್ದು ಇದೇ ಮೊದಲು.

ಎಷ್ಟು ಹೊತ್ತು ನಿಂತಿದ್ದೆನೋ. ಪ್ರೆಶರ್ ಐದಕ್ಕೆ ಇಳಿದಾಗ ಅವನು ಆಫೀಸಿಗೆ ಹೋದ. ಅರ್ಧ ಗಂಟೆ ಬಿಟ್ಟು ಬಂದಾಗ ದನಿಯೇ ಬೇರೆ. ಅಷ್ಟರಲ್ಲಿ ನಾನು ಬರೆದಿಟ್ಟಿದ್ದ ಲಾಗ್ ಬುಕ್ಕು ತೆಗೆದು ಓದಿದ. ಇನ್‌ಸ್ಪೆಕ್ಟರ್ ನೋಡಿದರೆ ಮಿಲ್ಲು ಮುಚ್ಚಿಸುತ್ತಾರೆ, ಈ ಹಾಳೆ ತೆಗೆದು ಬೇರೆ ಬರಿ ಅಂದ.

"ಗೌಡ್ರಿದ್ರು, ಕಣ್ ಕಾಣ್ದೆ ನೀರ್ ಒಣಗಿಸ್ಬುಟ್ರು ಅಂತ ಬರಿ. ಅವ್ರಿಗೆ ಎಂಗೂ ವಯಸ್ಸಾಯ್ತು. ನಾಳಿಂದ ಬಾಯ್ಲರ್ ನಿಂದೇ."

ನಾನು ಹಿಂದೆ ಬೇಕು ಅಂದದ್ದು ಇದನ್ನೇ. ಬೈದು ಬರೆದ ಪುಟ ಈ ಪುಸ್ತಕದಲ್ಲೇ ಇದೆ. ಪೆನ್ನು ಕೈಗೆ ಕೊಟ್ಟ. ಪೆನ್ನು ಎಸೆದೆ. ಅವನು ಹಾಳೆ ಹರಿದು, ಇನ್ನು ಮಿಲ್ಲಿನ ಕಡೆ ತಲೆ ಹಾಕಬೇಡ, ನಿಮ್ಮವ್ವನಿಗೆ ನಾನೇ ಫೋನ್ ಮಾಡುತ್ತೇನೆ, ಹೊರಡು ಅಂದ.

ತಕ್ಷಣ ಹೊರಡಲಿಲ್ಲ. ಬಸ್ಸು ಇರಲಿಲ್ಲ. ಬಾಯ್ಲರ್ ರೂಮಿನ ಹೊಸಿಲ ಮೇಲೆ ಕೂತಿದ್ದೆ. ಎರಡಕ್ಕೆ ಪ್ರೆಶರ್ ಮೂರೂವರೆ. ನಾಲ್ಕಕ್ಕೆ ಎರಡು. ಐದೂವರೆಗೆ ಸೊನ್ನೆ. ಮೈ ಮುಟ್ಟಿ ನೋಡಿದೆ, ಇನ್ನೂ ಬಿಸಿ ಇತ್ತು. ಎಲ್ಲೂ ಬಿರುಕಿಲ್ಲ. ಹೊರಡುವಾಗ ಹಡಗಿನ ಫೋಟೊವನ್ನೂ ಸರ್ಟಿಫಿಕೇಟನ್ನೂ ಗೋಡೆಯಿಂದ ತೆಗೆದುಕೊಂಡೆ. ಯಾರೂ ತಡೆಯಲಿಲ್ಲ.

ಜನವರಿ 9, ಶುಕ್ರವಾರ

ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಬುಸ್ ಸದ್ದು. ಬೆಳಿಗ್ಗೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಹೋದೆ. ಅವ್ವ ಹಿಂದಿನಿಂದ ಬೈಯುತ್ತಲೇ ಇದ್ದಳು.

ಚಿಕ್ಕಸ್ವಾಮಿಯವರ ಮನೆ ಹೊಳೆಯ ಕಡೆಯ ಬೀದಿಯಲ್ಲಿ. ಜಗುಲಿಯ ಮೇಲೆ ಕೂತಿದ್ದರು, ಒಂದು ಕಣ್ಣಿಗೆ ಪಟ್ಟಿ. ಇ‌ನ್ನೊಂದಕ್ಕೆ ಮುಂದಿನ ತಿಂಗಳಂತೆ. ಎರಡು ಫ್ರೇಮನ್ನೂ ತೊಡೆಯ ಮೇಲೆ ಇಟ್ಟೆ. ತಡವಿ ನೋಡಿದರು. ಲಾಗ್ ಓದು ಅಂದರು.

ಈ ಪುಸ್ತಕದಿಂದ ಓದಿದೆ. ಹತ್ತು ನಲವತ್ತರ ಸಾಲು ಬಂತು. ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಓದಿದೆ. ಅಲ್ಲಿಂದ ಸೊನ್ನೆಯವರೆಗೂ ಓದಿದೆ. ಒಳಗೆ ಸುನೀತಕ್ಕ ಪಾತ್ರೆ ಸದ್ದು ನಿಲ್ಲಿಸಿದ್ದಳು.

ಬೈಯುತ್ತಾರೆ ಅಂದುಕೊಂಡೆ. ಅಂಗಳದಲ್ಲಿ ಹೆಂಗಸರು ಇದ್ದರಾ ಅಂತ ಮೊದಲು ಕೇಳಿದರು. ಕಳಿಸಿದ್ದೆ ಅಂದೆ.

"ನಿನ್ ಬದ್ಲಿಗ್ ಯಾರ್ ಬಂದ್ರು?"

"ಯಾರೂ ಬರ್ಲಿಲ್ಲ ತಾತ."

ಗೋಡೆ ಹಿಡಿದು ಎದ್ದರು. ಪಂಚೆ ಸರಿಮಾಡಿಕೊಂಡು, ನನ್ನ ಎದುರು ನೆಟ್ಟಗೆ ನಿಂತರು. ನಾನೂ ಎದ್ದೆ. ಕೈ ಇಡಲು ಏನೂ ಇರಲಿಲ್ಲ, ಜಗುಲಿಯ ಕಂಬ ಇತ್ತು, ಅದರ ಮೇಲೆ ಇಟ್ಟೆ.

"ನೀರಿಲ್ಲ. ಬೆಂಕಿ ಆರಿದೆ. ಪ್ರೆಶರ್ ಸೊನ್ನೆ. ತಪ್ಪು ನಂದು, ಅರ್ಧ ಗಂಟೆ" ಅಂದೆ.

"ನೀರಿಲ್ಲ. ಬೆಂಕಿ ಆರದೆ. ಪ್ರೆಶರ್ ಸೊನ್ನೆ. ಅರ್ಧ ಗಂಟೆ ತಪ್ಪು" ಅಂತ ತಿರುಗಿ ಹೇಳಿದರು. "ರಿಲೀವ್ಡ್. ಓಗು, ಮನೀಕೋ."

ಎಲ್ಲಿಗೂ ಹೋಗಲಿಲ್ಲ. ಆ ಜಗುಲಿಯ ಮೇಲೇ ಒರಗಿದ್ದಷ್ಟೇ ನೆನಪು. ಎಚ್ಚರವಾದಾಗ ಬಿಸಿಲು ಇಳಿದಿತ್ತು. ತಾತ ಪಕ್ಕದಲ್ಲೇ ಕೂತಿದ್ದರು, ಹೋಗಿಬರುವವರನ್ನು ಸದ್ದು ಮಾಡಬೇಡಿ ಅಂತ ಕೈಯಲ್ಲೇ ತಡೆಯುತ್ತಿದ್ದರು. ತೊಡೆಯ ಮೇಲೆ ಈ ಪುಸ್ತಕ ತೆರೆದಿತ್ತು, ತಲೆಕೆಳಗಾಗಿ. ಮೆಲ್ಲಗೆ ತೆಗೆದು ನೆಟ್ಟಗೆ ಮಾಡಿ ಅವರ ಕೈಗೇ ಇಟ್ಟೆ.